ಸಹಾಯ ಬೇಕು: ಗೋಧಿ ಬಿಟ್ಟರೂ ಹೊಟ್ಟೆ ಉಬ್ಬರ, ಇಂಗಿನಲ್ಲೇ ಗೋಧಿ ಹಿಟ್ಟು!

ಎಲ್ಲರಿಗೂ ನಮಸ್ಕಾರ. ಡಯೆಟಿಷಿಯನ್ ಹೇಳಿದ ಹಾಗೆ ಗೋಧಿ, ಮೈದಾ, ರವೆ, ಬಾರ್ಲಿ ಎಲ್ಲ ಬಿಟ್ಟಿದ್ದೇನೆ. ಸೀಲಿಯಾಕ್ (ಗೋಧಿ, ಬಾರ್ಲಿಯಲ್ಲಿರೋ ಗ್ಲುಟೆನ್ ಅನ್ನೋ ಪ್ರೋಟೀನ್‌ನಿಂದ ಕರುಳಿಗೆ ಹಾನಿಯಾಗೋ ಕಾಯಿಲೆ) ರಕ್ತಪರೀಕ್ಷೆ ಅದಕ್ಕೂ ಮೊದಲೇ ಮಾಡಿಸಿದ್ದು, ನೆಗೆಟಿವ್ ಬಂದಿದೆ. ರಾಗಿಮುದ್ದೆ, ಜೋಳದ ರೊಟ್ಟಿ ತಿಂದಾಗ ಹೊಟ್ಟೆ ಆರಾಮಾಗಿರುತ್ತದೆ. ಆದರೆ ಅನ್ನ, ತಿಳಿಸಾರು, ಜೊತೆಗೆ ಅಂಗಡಿಯ ಮಿಡಿ ಉಪ್ಪಿನಕಾಯಿ ಉಂಡ ದಿನ ಸಂಜೆಯೊಳಗೆ ಹೊಟ್ಟೆ ತಮಟೆ ಥರ ಉಬ್ಬಿ, ತಲೆನೋವೂ ಶುರುವಾಗುತ್ತದೆ.

ಇದರಲ್ಲಿ ಗೋಧಿ ಎಲ್ಲಿಂದ ಬಂತು ಅಂತ ತಲೆಕೆಟ್ಟು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಸಣ್ಣಕ್ಷರ ಓದಿದೆ. ಇಂಗಿನ ಡಬ್ಬಿ ಮೇಲೆ ಗೋಂದು, ಗೋಧಿ ಹಿಟ್ಟು, ಆಮೇಲೆ ಇಂಗು! ಅಷ್ಟು ದುಡ್ಡು ಕೊಟ್ಟು ತರೋದು ಹಿಟ್ಟನ್ನೇ ಅಲ್ವಾ?

ಈಗ ಅಕ್ಕಿಹಿಟ್ಟು ಬೆರೆಸಿದ ಇಂಗು ತಂದಿದ್ದೇನೆ, ಒಗ್ಗರಣೆ ಚಿಂತೆ ಇಲ್ಲ. ಸೋಯಾ ಸಾಸ್‌ಗೂ ಗೋಧಿ ಹಾಕುತ್ತಾರೆ ಅಂತ ಗೊತ್ತಾಗಿ ಅದನ್ನೂ ಬಿಟ್ಟೆ. ಸಿಕ್ಕಿಕೊಂಡಿರೋದು ಸಾರಿನ ಪುಡಿ ಮತ್ತು ಉಪ್ಪಿನಕಾಯಿಯಲ್ಲಿ. ಪ್ಯಾಕೆಟ್ ಮೇಲೆ ಬರೀ 'ಇಂಗು' ಅಂತಿದೆ, ಆ ಇಂಗಿಗೆ ಏನು ಬೆರೆಸಿದ್ದಾರೆ ಅಂತ ಇಲ್ಲ. ಅಂಗಡಿಯವರನ್ನು ಕೇಳಿದರೆ ಸುಮ್ನೆ ನಗುತ್ತಾರೆ. ಬೇಳೆ, ಬೆಳ್ಳುಳ್ಳಿಯಿಂದಲೂ ಹೊಟ್ಟೆ ಉಬ್ಬುತ್ತಲ್ಲ, ಅದೂ ಒಂದು ಅನುಮಾನ.

ಗ್ಲುಟೆನ್ ಬಿಟ್ಟಿರೋರು ದಯವಿಟ್ಟು ಹೇಳಿ: ಪುಡಿಯಲ್ಲಿರೋ ಚಿಟಿಕೆ ಇಂಗಿನಿಂದ ನಿಮಗೂ ಹೀಗೆ ಆಗಿದೆಯಾ? ಪಥ್ಯ ಮತ್ತೆ ಮೊದಲಿಂದ ಶುರು ಮಾಡಬೇಕಾ, ಇಲ್ಲಾ ಮನೆಯಲ್ಲೇ ಪುಡಿ ಮಾಡಿಕೊಂಡು ಈಗಿರೋ ಹಾಗೇ ಮುಂದುವರಿಸಿದರೆ ಸಾಕಾ?