ಸಹಾಯ ಬೇಕು: ಮೂರು ಸಾಕ್ಷಿಗಳ ಸುತ್ತಿನಲ್ಲಿ ನನ್ನ ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿದೆ

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ವಿಜ್ಞಾನಿ ಡಂಗ್ ಅವರು 1995ರಲ್ಲಿ ಕೊಟ್ಟ ವಾದದ ಮಾದರಿಯನ್ನು ಪೈಥಾನ್‌ನಲ್ಲಿ ಬರೆಯುತ್ತಿದ್ದೇನೆ. ವಾದದೊಳಗೆ ಏನಿದೆ ಅಂತ ಅದು ನೋಡೋದೇ ಇಲ್ಲ, ಯಾವ ವಾದ ಯಾವುದರ ಮೇಲೆ ದಾಳಿ ಮಾಡುತ್ತದೆ ಅನ್ನೋದಷ್ಟೇ ಲೆಕ್ಕ, ಅಷ್ಟರಲ್ಲೇ ಯಾವುದನ್ನು ಒಪ್ಪಬಹುದು ಅಂತ ಹೇಳುತ್ತದೆ. ನನಗೆ ತುಂಬಾ ಇಷ್ಟವಾಗಿದ್ದೇ ಅದು.

ಈಗ ಮೂವರು ಸಾಕ್ಷಿಗಳಿದ್ದಾರೆ. ಒಬ್ಬೊಬ್ಬರ ಮಾತೂ ಒಂದೊಂದು ವಾದ, ಇನ್ನೊಬ್ಬನನ್ನು ಸುಳ್ಳುಗಾರ ಅನ್ನೋದೇ ದಾಳಿ. ಮೊದಲನೆಯವನು ಎರಡನೆಯವನನ್ನು ಸುಳ್ಳುಗಾರ ಅಂತಾನೆ, ಎರಡನೆಯವನು ಮೂರನೆಯವನನ್ನು, ಮೂರನೆಯವನು ಮತ್ತೆ ಮೊದಲನೆಯವನನ್ನು. ಒಪ್ಪಬಹುದಾದ ವಾದಗಳ ಗುಂಪನ್ನು ಆರಿಸೋಕೆ ಬೇರೆ ಬೇರೆ ನಿಯಮಗಳಿವೆ: ಗ್ರೌಂಡೆಡ್ (ಅತಿ ಎಚ್ಚರಿಕೆಯದು, ಅನುಮಾನವಿಲ್ಲದ್ದನ್ನಷ್ಟೇ ಒಪ್ಪುತ್ತದೆ), ಪ್ರಿಫರ್ಡ್ (ಒಳಜಗಳವಿಲ್ಲದೆ ತನ್ನನ್ನು ತಾನೇ ಕಾಪಾಡಿಕೊಳ್ಳುವ, ಇನ್ನು ಹಿಗ್ಗಿಸಲಾಗದ ಗುಂಪು), ಸ್ಟೇಬಲ್ (ಒಳಜಗಳವಿಲ್ಲದ, ಹೊರಗುಳಿದ ಪ್ರತಿ ವಾದದ ಮೇಲೂ ದಾಳಿ ಮಾಡುವ ಗುಂಪು). ಗ್ರೌಂಡೆಡ್, ಪ್ರಿಫರ್ಡ್ ಎರಡರಲ್ಲೂ ಖಾಲಿ ಗುಂಪು ಬರುತ್ತದೆ, ಸ್ಟೇಬಲ್‌ನಲ್ಲಂತೂ ಉತ್ತರವೇ ಇಲ್ಲ. ಇದು ಸರಿಯೇ, ಕಾಗದದ ಮೇಲೆ ಒಂದೊಂದು ದಾಳಿಗೂ ಒಂದು ಬಾಣ ಬಿಡಿಸಿ ನೋಡಿದೆ. ಆದರೆ ಇವರಿಗೆ ಸಂಬಂಧವೇ ಇಲ್ಲದ ನಾಲ್ಕನೇ ವಾದ ಸೇರಿಸಿದರೂ ಸ್ಟೇಬಲ್ ಏನೂ ಕೊಡಲ್ಲ. ಯಾರೂ ಅಲ್ಲಗಳೆಯದ ಮಾತೂ ಬಿದ್ದುಹೋಗೋದು ಅನ್ಯಾಯ ಅಲ್ವಾ?

ಅದಕ್ಕೆ ಮೊದಲನೆಯವನಿಗೆ ಜಾಸ್ತಿ ತೂಕ, ಮೂರನೆಯವನಿಗೆ ಕಡಿಮೆ ತೂಕ ಕೊಟ್ಟು, ದುರ್ಬಲನು ಬಲವಾದವನ ಮೇಲೆ ಮಾಡುವ ದಾಳಿಯನ್ನು ಸುಮ್ನೆ ಅಳಿಸಿದೆ. ಆಗ ಮೊದಲನೆಯವನೂ ಅವನನ್ನು ಸುಳ್ಳುಗಾರ ಅಂದ ಮೂರನೆಯವನೂ ಒಟ್ಟಿಗೆ ಗೆದ್ದುಬಿಟ್ಟರು! ಇದು ಖಂಡಿತ ತಪ್ಪು.

ದಾಳಿಯನ್ನು ಅಳಿಸುವ ಬದಲು ಬಾಣ ತಿರುಗಿಸಬೇಕಾ? ಅಥವಾ ತೂಕ ಬಿಟ್ಟು ಸೆಮಿ-ಸ್ಟೇಬಲ್ (ಸ್ಟೇಬಲ್‌ಗೆ ಆದಷ್ಟು ಹತ್ತಿರದ, ಇತ್ಯರ್ಥವಾಗದ ವಾದಗಳನ್ನು ಆದಷ್ಟು ಕಡಿಮೆ ಉಳಿಸುವ ನಿಯಮ) ಹಿಡಿಯಲಾ? ಇಂಥದ್ದನ್ನು ನಿಜವಾಗಿ ಬರೆದು ನೋಡಿದವರು ದಯವಿಟ್ಟು ಹೇಳಿ. ಕೋಡ್ ಕೇಳಿದರೆ ಹಾಕುತ್ತೇನೆ.