ಸಾಸಿವೆಯ ‘ಸಿಲಿಕ್ವಾ’ಗೆ ಕಾಯಿ ಅಂದರೆ ಸಾಲದೇ?

ಗೆಳೆಯರೇ, ವಿಜಯಪುರದಿಂದ ಒಂದು ಪ್ರಶ್ನೆ. ಎಣ್ಣೆಕಾಳು ಬೆಳೆಗಳ ಬಗ್ಗೆ ರೈತರಿಗಾಗಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಕುಸುಬಿ, ಅಗಸಿ, ಶೇಂಗಾ ನಮ್ಮ ಹೊಲದವೇ, ಅವಕ್ಕೆ ಮಾತು ಹುಡುಕಬೇಕಿಲ್ಲ. ತೊಡಕಾಗಿದ್ದು ಸಾಸಿವೆಯಲ್ಲಿ: ಕಾಳು ತುಂಬಿರುವ ಅದರ ಉದ್ದನೆಯ ಕಾಯಿಗೆ ಸಸ್ಯಶಾಸ್ತ್ರದಲ್ಲಿ ‘ಸಿಲಿಕ್ವಾ’ ಅನ್ನುತ್ತಾರೆ, ಅದಕ್ಕೆ ಕನ್ನಡದಲ್ಲಿ ಏನು ಬರೆಯಲಿ? ಸಾಸಿವೆಯ ದೊಡ್ಡ ಬೆಳೆ ಇರುವುದು ರಾಜಸ್ಥಾನ, ಹರಿಯಾಣದ ಕಡೆ. ನಮಗದು ಒಗ್ಗರಣೆಯ ಕಾಳು ಅಷ್ಟೇ.

ಒಂದು ತಳಿಗಿಂತ ಇನ್ನೊಂದು ಯಾಕೆ ಜಾಸ್ತಿ ಇಳುವರಿ ಕೊಡುತ್ತದೆ ಅಂತ ತಿಳಿಯಲು ಮುಖ್ಯವಾಗಿ ಮೂರು ಲೆಕ್ಕ ಹಿಡಿಯುತ್ತಾರೆ. ಗಿಡಕ್ಕೆ ಎಷ್ಟು ಸಿಲಿಕ್ವಾ, ಒಂದೊಂದರಲ್ಲಿ ಎಷ್ಟು ಕಾಳು, 1000 ಕಾಳಿನ ತೂಕ ಎಷ್ಟು. ಟೊಂಗೆ ಚೆನ್ನಾಗಿ ಒಡೆದರೆ ಸಿಲಿಕ್ವಾನೂ ಹೆಚ್ಚು. ಆದರೆ ಒಂದು ಏರಿದರೆ ಇನ್ನೊಂದು ಇಳಿಯುವುದೂ ಉಂಟು. ಹಾಗಾಗಿ ಈ ಪದ ಪುಟಪುಟಕ್ಕೂ ಬರುತ್ತದೆ.

‘ಬೀಜಕೋಶ’ ನನಗೆ ಒಗ್ಗುತ್ತಿಲ್ಲ. ಹೊಲದಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ‘ಕಾಯಿ’ ಅಂದರೆ ತೊಗರಿ ಕಾಯಿಯ ಹಾಗೆ ಅಂದುಕೊಂಡಾರು ಎಂದು ಒಬ್ಬರು ತಕರಾರು ತೆಗೆದರು. ಅದರಲ್ಲಿ ಹುರುಳಿದೆ. ಒಣಗಿದ ಸಾಸಿವೆ ಕಾಯಿ ಬಿಡಿಸಿ ನೋಡಿ. ಎರಡು ಹೋಳು ಬುಡದ ಕಡೆಯಿಂದ ಬಿಚ್ಚಿಕೊಳ್ಳುತ್ತವೆ. ನಡುವೆ ಹಾಳೆಯಂಥ ತೆಳು ಪೊರೆ ತೊಟ್ಟಿಗೇ ಉಳಿಯುತ್ತದೆ. ಕಾಳು ಆ ಪೊರೆಯ ಎರಡೂ ಅಂಚಿಗೆ ಅಂಟಿರುತ್ತವೆ. ತುದಿಯಲ್ಲಿ ಚೂಪಾದ ಕೊಕ್ಕು. ತೊಗರಿಗೆ ಆ ನಡುಪೊರೆ ಇಲ್ಲ, ಕಾಳೆಲ್ಲ ಒಂದೇ ಅಂಚಿನ ಉದ್ದಕ್ಕೂ ಇರುತ್ತವೆ.

ಆದರೂ ನನ್ನ ಮನಸ್ಸು ‘ಕಾಯಿ’ ಕಡೆಗೇ. ಶೇಂಗಾಕ್ಕೂ ಕಾಯಿ ಅಂತೀವಿ, ಎಳ್ಳಿಗೂ ಕಾಯಿ, ಹಸಿ ಕಡಲೆಗೆ ಸುಲಗಾಯಿ. ಒಳಗಿನ ರಚನೆ ಒಂದೇ ಇರಬೇಕು ಅಂತ ಯಾರೂ ಕೇಳಿಲ್ಲ, ಅಲ್ವಾ? ‘ಗಿಡಕ್ಕೆ ಎಷ್ಟು ಕಾಯಿ, ಕಾಯಿಗೆ ಎಷ್ಟು ಕಾಳು’ ಅಂದರೆ ಓದಿದ ಕೂಡಲೇ ತಿಳಿಯುತ್ತದೆ. ನಡುಪೊರೆಯ ಸಂಗತಿಯನ್ನು ಒಂದು ಕಡೆ ಬಿಡಿಸಿ ಹೇಳಿದರಾಯಿತು. ಕರಾವಳಿಯ ನುಗ್ಗೆಕೋಡಿನ ‘ಕೋಡು’ ಆಕಾರಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ನಮ್ಮ ಕಡೆ ಕೋಡು ಅಂದರೆ ಎತ್ತಿನದ್ದೇ ನೆನಪಾಗುವುದು.

ಅಥಣಿ, ಜಮಖಂಡಿ, ಇಂಡಿ ಕಡೆಯವರು ಹೇಳಿ: ನಿಮ್ಮ ಮನೆಯ ಹಿರಿಯರು ಸಾಸಿವೆಯ ಕಾಯಿಗೆ ಬೇರೆ ಹೆಸರು ಹೇಳುತ್ತಾರಾ? ಇನ್ನೊಂದು ಮಾತೂ ಬೇಕು. ಕೊಯ್ಲು ತಡವಾದರೆ ಕಾಯಿ ಒಡೆದು ಕಾಳು ನೆಲಕ್ಕೆ ಬೀಳುತ್ತವೆ, ಇಳುವರಿ ಕೈತಪ್ಪುತ್ತದೆ. ಇದಕ್ಕೆ ‘ಸಿಡಿಯುವುದು’ ಅಂತ ಬರೆದಿದ್ದೇನೆ. ನೀವು ‘ಉದುರುವುದು’ ಅಂತೀರಾ, ಅಥವಾ ಬೇರೆ ಮಾತಿದೆಯಾ?