ಸಹಾಯ ಬೇಕು: ಗೋಕರ್ಣದಲ್ಲಿ ಕಡಿಮೆ ಬಾಡಿಗೆಯ ಕೋಣೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೆಯ ವಾರ ನನ್ನ 72 ವರ್ಷದ ತಾಯಿಯವರೊಂದಿಗೆ ಮೂರು ರಾತ್ರಿ ಗೋಕರ್ಣದಲ್ಲಿ ತಂಗಬೇಕೆಂದಿದ್ದು, ದಿನಕ್ಕೆ 1,200 ರೂಪಾಯಿಯೊಳಗೆ ದೊರೆಯುವ ಶುಚಿಯಾದ ಗೆಸ್ಟ್‌ಹೌಸ್ ಗೊತ್ತಿದ್ದವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ. ಕುಡ್ಲೆ ಕಡಲತೀರದಲ್ಲಿ ಕೋಣೆಗಳು ಅಗ್ಗವೆಂದು ಸ್ನೇಹಿತರು ಹೇಳುತ್ತಾರಾದರೂ, ಊರಿನಿಂದ ಅಲ್ಲಿಗೆ ಗುಡ್ಡ ಹತ್ತಿ ಮೆಟ್ಟಿಲು ಇಳಿಯಬೇಕಾದುದರಿಂದ ಮಂಡಿನೋವಿರುವ ಅಮ್ಮನಿಗೆ ಅದು ಆಗದ ಮಾತು. ಮಹಾಬಲೇಶ್ವರ ದೇವಸ್ಥಾನಕ್ಕೆ ನಡೆದು ಹೋಗುವಷ್ಟು ಹತ್ತಿರ, ನೆಲಮಹಡಿಯಲ್ಲಿ, ಕಮೋಡ್ ಇರುವ ಕೋಣೆಯೇ ಬೇಕು.

ಕಳೆದ ಸಲ ಫೋಟೊ ನಂಬಿ ಒಂದು ಕಡೆ ಮುಂಗಡ ಕಟ್ಟಿ ಹೋದಾಗ ಹಾಸಿಗೆ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಸ್ನಾನದ ನೀರು ಎಷ್ಟು ಉಪ್ಪೆಂದರೆ ಸೋಪು ನೊರೆಯನ್ನೇ ಬಿಡಲಿಲ್ಲ. ಆದ್ದರಿಂದ ಸ್ವತಃ ಉಳಿದು ಬಂದವರ ಮಾತೇ ನನಗೆ ಮುಖ್ಯ. ಗೋಕರ್ಣ ರೋಡ್ ರೈಲು ನಿಲ್ದಾಣ ಊರಿನಿಂದ ಸುಮಾರು 10 ಕಿ.ಮೀ. ದೂರವಿರುವುದರಿಂದ, ಬೆಳಗಿನ ಜಾವ ಅಲ್ಲಿ ಆಟೊ ಸಿಗುತ್ತದೆಯೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.